ಕೈಗೆ ನೀರು, ಬಾಯಿಗೆ ವೀಳ್ಯ: ಬಿದರಿಯ ರಾಜೋಪಚಾರ

ಬಿದರಿ ಎಂದರೆ ಈಗ ಷೋಕೇಸಿನ ಹೂದಾನಿ, ಸನ್ಮಾನದ ಫಲಕ ನೆನಪಾಗುತ್ತವೆ. ಆದರೆ ಬೀದರಿನ ಈ ಕಪ್ಪು ಲೋಹದ ಕಲೆ ಬೆಳೆದದ್ದು ಅತಿಥಿಗಳ ಉಪಚಾರದಲ್ಲಿ. ಊಟದ ಹಾಸು ದಸ್ತರಖಾನ್ ಹಾಸಿ ಜನ ಕೂತರೆ ಸೇವಕ ಆಫ್ತಾಬಾ ಹಿಡಿದು ಬರುತ್ತಿದ್ದ. ಉದ್ದ ಮೂತಿಯ ಆ ಹೂಜಿಯಿಂದ ಒಬ್ಬೊಬ್ಬರ ಕೈಗೂ ನೀರು. ಕೆಳಗೆ ಹಿಡಿದ ಬೋಗುಣಿ, ಚಿಲಮ್ಚಿಗೆ ತೂತುತೂತಿನ ಮುಚ್ಚಳ. ತೊಳೆದ ನೀರು ಕಣ್ಣಿಗೆ ಬೀಳದೆ ಒಳಗಿಳಿಯುತ್ತಿತ್ತು. ಊಟ ಮುಗಿದ ಮೇಲೆ ವೀಳ್ಯದ ಪೆಟ್ಟಿಗೆ ಪಾನ್‌ದಾನ್, ಪೀಕದಾನಿ ಉಗಾಲ್‌ದಾನ್, ಹುಕ್ಕಾ. ಉಣ್ಣುವ ತಟ್ಟೆಗಿಂತ ಊಟದ ಹಿಂದುಮುಂದಿನ ಈ ಮರ್ಯಾದೆಯ ಸಾಮಾನುಗಳಲ್ಲೇ ಬಿದರಿ ಕುಶಲಕರ್ಮಿಗಳ ಕೈ ಅರಳಿದೆ.

ಕೂತಲ್ಲಿಗೇ ನೀರು ತಂದು ಕೈ ತೊಳೆಸುವ ರೂಢಿ ಇರಾನಿನಲ್ಲಿತ್ತು, ಇಸ್ತಾಂಬುಲ್‌ನ ಆಟೋಮನ್ ಅರಮನೆಯಲ್ಲೂ ಇತ್ತು. ಬೀದರಿಗೆ ಆ ಲೋಕ ದೂರದ್ದಾಗಿರಲಿಲ್ಲ. 1472ರಲ್ಲಿ ಇಲ್ಲಿ ಮದರಸಾ ಕಟ್ಟಿಸಿದ ಬಹಮನಿ ವಜೀರ ಮಹಮೂದ್ ಗವಾನ್, ಆಟೋಮನ್ ಸುಲ್ತಾನ ಎರಡನೇ ಮೆಹ್ಮದ್‌ಗೆ ಪತ್ರ ಬರೆದವನು. ಅದೇ ಕಾಲದಲ್ಲಿ ಬಂದ ರಷ್ಯದ ವರ್ತಕ ನಿಕಿತಿನ್, ಇಲ್ಲಿನ ಅಮೀರರೆಲ್ಲ ಖುರಾಸಾನಿಗಳು ಎಂದು ಬರೆದಿಟ್ಟಿದ್ದಾನೆ. ಇತ್ತ ಬೀದರಿನ ಸುತ್ತಲಿನ ಭಾಲ್ಕಿ, ಔರಾದ್ ಕಡೆಯ ಮನೆಗಳಲ್ಲೂ ಬೀಗರು ಬಂದರೆ ಮೊದಲು ಕೈಕಾಲಿಗೆ ನೀರು, ಊಟವಾದ ಮೇಲೆ ಎಲೆ ಅಡಿಕೆ. ಹೊರಗಿನಿಂದ ಬಂದ ರೂಢಿ ಈ ನೆಲದಲ್ಲಿ ಸಲೀಸಾಗಿ ಬೇರುಬಿಟ್ಟದ್ದಕ್ಕೆ ಇದೂ ಕಾರಣ ಎಂದು ನನ್ನ ನಂಬಿಕೆ.

ಬಿದರಿ ಸಾಮಾನು ಮಾಡಲು ಸುಮಾರು 16 ಪಾಲು ಸತುವಿಗೆ ಒಂದು ಪಾಲು ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಮೈಲುತುತ್ತದ ನೀರು ಸವರಿ ಕಪ್ಪಾಗಿಸಿ, ಬರಿಗೈಯಲ್ಲೇ ಬಳ್ಳಿ ಹೂ ಗೀರಿ, ಉಳಿಯಿಂದ ಕೊರೆದ ಗೆರೆಗೆ ಬೆಳ್ಳಿಯ ತಂತಿ ಕೂರಿಸುತ್ತಾರೆ. ಉಜ್ಜಿ ನುಣುಪು ಮಾಡಿದಾಗ ಲೋಹವೂ ಬೆಳ್ಳಿಯೂ ಒಂದೇ ಬಣ್ಣ, ಚಿತ್ತಾರವೇ ಮಾಯ. ಆಗ ಬರಬೇಕು ಬೀದರ್ ಕೋಟೆಯ ಮಣ್ಣು. ಅದನ್ನು ನಾಲಗೆಗೆ ತಾಗಿಸಿ ರುಚಿಯಿಂದಲೇ ಗುಣ ಗುರುತಿಸುವವರಿದ್ದಾರೆ. ಮಣ್ಣಿಗೆ ನವಸಾಗರ ಬೆರೆಸಿ, ಬಿಸಿ ಮಾಡಿದ ಪಾತ್ರೆಗೆ ತಿಕ್ಕಿದರೆ ಸತುವಿನ ಮೈ ಕಡುಕಪ್ಪಾಗುತ್ತದೆ. ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ.

ಅತಿಥಿಗಳು ಬದಲಾದಂತೆ ಸಾಮಾನೂ ಬದಲಾಯಿತು. ಹುಕ್ಕಾದ ರುಚಿ ಈಸ್ಟ್ ಇಂಡಿಯಾ ಕಂಪನಿಯ ಬಿಳಿಯರಿಗೂ ಹತ್ತಿತು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಬಿದರಿ ಮೆಚ್ಚುಗೆ ಪಡೆಯಿತು. ಮುಂದೆ ಸಿಗರೇಟು ಪೆಟ್ಟಿಗೆ, ಆ್ಯಶ್‌ಟ್ರೇಗಳು ಬಂದವು. 1948ರವರೆಗೆ ಬೀದರ್, ಭಾಲ್ಕಿ, ಔರಾದ್‌ಗಳನ್ನು ಒಳಗೊಂಡಿದ್ದ ನಿಜಾಮರ ರಾಜ್ಯದಲ್ಲಿ ಯುರೋಪಿನ ಲೋಕವೂ ಆಟೋಮನ್ ಲೋಕವೂ ಒಂದೇ ರಾಜಮನೆತನ ಸೇರಿದವು. ಹೈದರಾಬಾದಿನ ಫಲಕ್‌ನುಮಾದಲ್ಲಿ 101 ಜನ ಕೂರುವ ಯುರೋಪಿಯನ್ ಶೈಲಿಯ ಊಟದ ಮೇಜು. 1931ರಲ್ಲಿ ಕೊನೆಯ ಆಟೋಮನ್ ಖಲೀಫನ ಮಗಳು ದುರ್ರುಶೆಹ್ವಾರ್, ಏಳನೇ ನಿಜಾಮನ ಹಿರಿಯ ಸೊಸೆಯಾದಳು.

ಬಿದರಿಗೆ 2006ರಲ್ಲಿ ಭೌಗೋಳಿಕ ಸೂಚಿಕೆ (ಜಿಐ) ಮಾನ್ಯತೆ ಸಿಕ್ಕಿತು. 2023ರಲ್ಲಿ ಬೀದರಿನ ಬಿದರಿ ಕಲಾವಿದ ಶಾ ರಶೀದ್ ಅಹಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು. ಮದುವೆಗೆ ಉಡುಗೊರೆ ಕೊಳ್ಳುವವರು ಗೋಡೆಗೆ ತೂಗುಹಾಕುವ ಫಲಕದ ಬದಲು ಒಂದು ಪಾನ್‌ದಾನ್ ಮಾಡಿಕೊಡಿ ಎಂದು ಕೇಳಬೇಕು. ಕೇಳುವವರಿದ್ದರೆ ಮಾಡುವ ಕೈಗಳು ಬೀದರಿನಲ್ಲಿ ಇನ್ನೂ ಇವೆ.