ಬಾಟಲಿ ಯಂತ್ರದಿಂದ ಹುಟ್ಟಿದ ಕಂಪನಿ

ಅಮೆರಿಕದ ಓವೆನ್ಸ್-ಇಲಿನಾಯ್ ಕಂಪನಿಯ ಮೂಲ ಓಹಾಯೊ ರಾಜ್ಯದ ಟೊಲೆಡೊ ನಗರದಲ್ಲಿದೆ. ಎಡ್ವರ್ಡ್ ಲಿಬ್ಬಿ 1888ರಲ್ಲಿ ತನ್ನ ಗಾಜಿನ ಕಾರ್ಖಾನೆಯನ್ನು ಮ್ಯಾಸಚೂಸೆಟ್ಸ್‌ನಿಂದ ಅಲ್ಲಿಗೆ ಸಾಗಿಸಿದ. ಹತ್ತನೆಯ ವಯಸ್ಸಿಗೇ ಗಾಜಿನ ಕುಲುಮೆಯ ಕೆಲಸಕ್ಕೆ ಸೇರಿದ್ದ ಮೈಕೆಲ್ ಓವೆನ್ಸ್ ಅವನ ಬಳಿಗೆ ಬಂದ.

ಆಗ ಬಾಟಲಿ ತಯಾರಿಕೆಯೆಂದರೆ ಕೊಳವೆ ಊದುವ ನುರಿತ ಕುಶಲಕರ್ಮಿ, ಅವನ ಸುತ್ತ ಓಡಾಡುವ ಹುಡುಗರ ಗುಂಪು. ಓವೆನ್ಸ್‌ನ ಯಂತ್ರ ಈ ಕ್ರಮವನ್ನೇ ಬದಲಿಸಿತು. ನಿರ್ವಾತದ ಸೆಳೆತದಿಂದ ಕರಗಿದ ಗಾಜನ್ನು ಅದು ಅಚ್ಚಿನೊಳಕ್ಕೆ ಹೀರಿಕೊಳ್ಳುತ್ತಿತ್ತು. ಮೊದಲು ಕತ್ತು ರೂಪುಗೊಳ್ಳುತ್ತಿತ್ತು, ಆಮೇಲೆ ಒತ್ತಡದ ಗಾಳಿ ಒಡಲನ್ನು ಉಬ್ಬಿಸುತ್ತಿತ್ತು. ಮನುಷ್ಯನ ಉಸಿರಿಗೆ ಅಲ್ಲಿ ಕೆಲಸವೇ ಇರಲಿಲ್ಲ. ಒಂದೇ ಅಳತೆಯ ಬಾಟಲಿಗಳು ಅಗ್ಗವಾಗಿ ದೊರೆತವು. ಕಾರ್ಖಾನೆಗಳಲ್ಲಿ ಬಾಲಕಾರ್ಮಿಕರ ಅಗತ್ಯವೂ ಕುಗ್ಗಿತು. ಕಾನೂನು ತಡವರಿಸುತ್ತಿದ್ದ ಕೆಲಸವನ್ನು ಯಂತ್ರ ಬಹುಪಾಲು ಮಾಡಿತೆನ್ನಬೇಕು. ಆದರೆ ಊದುವವರ ಕಸುಬೂ ಅದರೊಂದಿಗೇ ಸೊರಗಿತು.

1903ರಲ್ಲಿ ಸ್ಥಾಪನೆಯಾದ ಓವೆನ್ಸ್ ಬಾಟಲ್ ಮಷೀನ್ ಕಂಪನಿ ಯಂತ್ರದ ಹಕ್ಕುಗಳನ್ನು ಇತರ ತಯಾರಕರಿಗೆ ಪರವಾನಗಿಯ ಮೇಲೆ ಕೊಟ್ಟಿತು, ತಾನೂ ಬಾಟಲಿ ತಯಾರಿಸಿತು. ಓವೆನ್ಸ್ 1923ರಲ್ಲಿ ತೀರಿಕೊಂಡ. 1929ರಲ್ಲಿ ಆಲ್ಟನ್ ಪಟ್ಟಣದ ಇಲಿನಾಯ್ ಗ್ಲಾಸ್ ಕಂಪನಿಯೊಂದಿಗೆ ವಿಲೀನವಾಗಿ ಸಂಸ್ಥೆಗೆ ಜೋಡುಹೆಸರು ಬಂತು. ಗಾಜಿನ ನೂಲಿನ ಪ್ರಯೋಗಗಳು ಫಲಿಸಿದ ಮೇಲೆ, 1938ರಲ್ಲಿ ಕಾರ್ನಿಂಗ್ ಗ್ಲಾಸ್ ವರ್ಕ್ಸ್ ಜೊತೆಗೂಡಿ ಓವೆನ್ಸ್-ಕಾರ್ನಿಂಗ್ ಎಂಬ ಪ್ರತ್ಯೇಕ ಕಂಪನಿಯನ್ನೂ ಹುಟ್ಟುಹಾಕಿತು.