ವಿಜಯನಗರದ ಅಡುಗೆಮನೆಯಲ್ಲಿ ಮೆಣಸಿನಕಾಯಿ ಇತ್ತೇ?

ಕ್ರಿ.ಶ. 1450ರ ಸುಮಾರಿನ ಹಂಪೆಯ ಒಂದು ಮನೆ. ಹೊಲದಿಂದ ಬಂದ ಮಗನಿಗೆ ತಾಯಿ ಜೋಳದ ರೊಟ್ಟಿ ಹಾಕಿ, ಪಕ್ಕದಲ್ಲಿ ಕೆಂಪು ಮೆಣಸಿನಕಾಯಿ ಚಟ್ನಿ ಬಡಿಸುತ್ತಾಳೆ. ಕಾದಂಬರಿಯಲ್ಲಿ ಓದಲು ರುಚಿಯಾದ ಸಾಲು. ಆದರೆ ಆ ಚಟ್ನಿ ಅಲ್ಲಿರಲು ಸಾಧ್ಯವಿಲ್ಲ. ಮೆಣಸಿನಕಾಯಿ ಅಮೆರಿಕ ಖಂಡದ ಗಿಡ. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆ ತಲುಪಿದ ಮೇಲೆ, ಪೋರ್ಚುಗೀಸರ ಹಡಗುಗಳ ಜೊತೆ ಅದು ನಮ್ಮ ಕರಾವಳಿಗೆ ಬಂತು. ಅಲ್ಲಿಯವರೆಗೆ ಖಾರವೆಂದರೆ ಕಾಳುಮೆಣಸು, ಹಿಪ್ಪಲಿ, ಶುಂಠಿ. ಟೊಮೆಟೊ, ಆಲೂಗಡ್ಡೆ, ಕಡಲೆಕಾಯಿ, ಗೋಡಂಬಿ, ಸೀಬೆಹಣ್ಣು ಕೂಡ ಆಮೇಲೆ ಬಂದವೇ.

ಐತಿಹಾಸಿಕ ಕಾದಂಬರಿ ಬರೆಯುವವರಿಗೆ ರಾಜ ಪಟ್ಟಕ್ಕೆ ಬಂದ ವರ್ಷ ಯಾವ ಇತಿಹಾಸದ ಪುಸ್ತಕದಲ್ಲಾದರೂ ಸಿಗುತ್ತದೆ. ಅವನ ಊರಿನ ಬಡವ ರಾತ್ರಿ ಏನು ಉಂಡ ಎಂಬುದನ್ನು ಹುಡುಕುವುದೇ ಕಷ್ಟ.

ಹುಡುಕುವವರಿಗೆ ದಾರಿಗಳೇನೋ ಇವೆ. ಹನ್ನೊಂದನೆಯ ಶತಮಾನದ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಅಡುಗೆಗೇ ಒಂದು ಅಧ್ಯಾಯವಿದೆ. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯದ ರಾಯಭಾರಿ ಅಬ್ದುಲ್ ರಜಾಕ್, ಅಲ್ಲಿಯ ಜನರಿಗೆ ಗುಲಾಬಿಯ ಮೇಲಿದ್ದ ಮೋಹವನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ. ಟಿಪ್ಪು ಮಡಿದ ಮರುವರ್ಷವೇ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್, ಹೊಲದ ಬೆಳೆಯಿಂದ ನೇಕಾರರ ಮಗ್ಗದವರೆಗೆ ಕಂಡದ್ದನ್ನೆಲ್ಲ ದಾಖಲಿಸಿದ. ಬಿ.ಎಲ್. ರೈಸ್ ಹೊರತಂದ ‘ಎಪಿಗ್ರಾಫಿಯ ಕರ್ನಾಟಿಕ’ ಶಾಸನ ಸಂಪುಟಗಳಲ್ಲಿ ದತ್ತಿ ಬಿಟ್ಟ ಗದ್ದೆಯ ಎಲ್ಲೆ, ತೆರಿಗೆಗಳ ಹೆಸರು, ದೇವರ ದೀಪಕ್ಕೆ ಕೊಟ್ಟ ಎಣ್ಣೆಯ ಲೆಕ್ಕ ಸಿಗುತ್ತವೆ. ಇವನ್ನು ಓದುವುದು ತಾಳ್ಮೆಯ ಕೆಲಸ. ಪುಟಗಟ್ಟಲೆ ಓದಿದರೂ ಕಾದಂಬರಿಗೆ ಒದಗುವುದು ಒಂದೆರಡು ವಿವರ.

ಪುಸ್ತಕ ಸಾಲದಾದಾಗ ಲೇಖಕ ಊರು ಬಿಟ್ಟು ಹೊರಡಬೇಕಾಗುತ್ತದೆ. 1979ರಲ್ಲಿ ಬಂದ ‘ಪರ್ವ’ಕ್ಕಾಗಿ ಎಸ್.ಎಲ್. ಭೈರಪ್ಪ ಮಹಾಭಾರತದ ಜಾಗಗಳನ್ನು ಸುತ್ತಿದರು. ಸೋದರರೆಲ್ಲ ಒಬ್ಬಳನ್ನೇ ಮದುವೆಯಾಗುವ ಪದ್ಧತಿ ಉಳಿದಿದ್ದ ಹಿಮಾಲಯದ ಹಳ್ಳಿಗಾಡನ್ನೂ ಕಣ್ಣಾರೆ ಕಂಡುಬಂದರು. ದ್ರೌಪದಿಯ ಸಂಸಾರ ಪುರಾಣವಾಗಿ ಉಳಿಯದೆ, ಅಸೂಯೆ ದಣಿವುಗಳಿರುವ ಒಂದು ಮನೆಯಾಗಿ ಓದುಗರ ಎದುರು ನಿಂತದ್ದರ ಹಿಂದೆ ಆ ತಿರುಗಾಟವಿದೆ. ಅದೇ ಲೇಖಕರ ‘ಆವರಣ’ದಲ್ಲಿ ಆಕರಗ್ರಂಥಗಳ ಪಟ್ಟಿ ಕಥೆಯೊಳಗೇ ಬರುತ್ತದೆ. ಅಲ್ಲಿ ಅಧ್ಯಯನದ ಭಾರಕ್ಕೆ ಪಾತ್ರಗಳು ಸೊರಗುತ್ತವೆ ಎನ್ನದೆ ವಿಧಿಯಿಲ್ಲ. ಕೃಷಿ ವಿಜ್ಞಾನಿ ಕೆ.ಎನ್. ಗಣೇಶಯ್ಯನವರೂ ಕಥೆಯ ಜೊತೆಗೇ ಆಕರಗಳನ್ನು ಕೊಡುತ್ತಾರೆ. ಅವರಲ್ಲಿ ಹುಡುಕಾಟವೇ ಕಥೆಯಾದ್ದರಿಂದ ಅದು ಹೊರೆಯೆನಿಸುವುದಿಲ್ಲ.

ಕಾದಂಬರಿಕಾರ ನಾ. ಡಿಸೋಜ ಅವರ ಮಾತು ಬೇರೆ. ಸಾಗರದವರಾದ ಅವರು ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನೆಯ ಪ್ರದೇಶದಲ್ಲೇ ದುಡಿದರು. ಲಿಂಗನಮಕ್ಕಿಯ ಹಿನ್ನೀರು ಏರಿದಂತೆ ಮನೆ, ತೋಟ, ದೇವಸ್ಥಾನ ಬಿಟ್ಟು ಗಂಟುಮೂಟೆ ಕಟ್ಟಿದ ಜನ ಅವರ ಕಣ್ಣೆದುರಿಗಿದ್ದರು. ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳು ಬಂದದ್ದು ಅಲ್ಲಿಂದ. ವರ್ಷಗಟ್ಟಲೆ ಒಂದು ನೆಲದಲ್ಲಿ ಬದುಕಿದವರಿಗೆ ದಕ್ಕುವ ವಿವರ, ನಾಲ್ಕು ದಿನದ ಪ್ರವಾಸಕ್ಕೆ ಬಂದವರಿಗೆ ದಕ್ಕುವುದಿಲ್ಲ.

ಇಂಥ ವಿವರ ಮುಂದೆ ಬರೆಯುವವರಿಗೂ ಸಿಗಬೇಕಾದರೆ ದಾಖಲೆಗಳು ಉಳಿಯಬೇಕು. ಶಾಸನಗಳನ್ನು ಕಾಪಾಡಲು ಇಲಾಖೆಯಿದೆ. ಆದರೆ ನಿನ್ನೆ ಮೊನ್ನೆಯ ಬದುಕಿನ ದಾಖಲೆ ಇರುವುದು ಮನೆಮನೆಯ ಅಟ್ಟದ ಮೇಲೆ. ಅಜ್ಜನ ಲೆಕ್ಕದ ಪುಸ್ತಕ, 1950ರ ಮದುವೆಯ ಖರ್ಚಿನ ಪಟ್ಟಿ, ಬಾಣಂತಿ ಮಗಳಿಗೆ ತಾಯಿ ಬರೆದ ಕಾಗದ, ಇವೆಲ್ಲ ಯಾವ ಗೆಜೆಟಿಯರ್‌ನಲ್ಲೂ ಸಿಗುವುದಿಲ್ಲ. ಮನೆ ಖಾಲಿ ಮಾಡುವಾಗ ದಯವಿಟ್ಟು ಅವನ್ನು ರದ್ದಿಗೆ ಹಾಕಬೇಡಿ. ಇಟ್ಟುಕೊಳ್ಳಲು ಜಾಗವಿಲ್ಲದಿದ್ದರೆ ಫೋಟೋ ತೆಗೆದಾದರೂ ಇಡಿ, ಇಲ್ಲವೇ ಹತ್ತಿರದ ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿ ವಿಚಾರಿಸಿ.