ಬೀಳು ಜಮೀನಿನ ಗಿಡಗಂಟಿ ತೆರವು: ಯಂತ್ರಕ್ಕೆ ಮುನ್ನ ಬೇರನ್ನು ನೋಡಬೇಕು

ಮಾನ್ಯ ಗ್ರಾಮ ಪಂಚಾಯಿತಿ ಸದಸ್ಯರ ಗಮನಕ್ಕೆ,

ಮುಂಗಾರಿಗೆ ಮುನ್ನ ಬೀಳುಬಿದ್ದ ಜಮೀನನ್ನು ಹಸನು ಮಾಡಬಯಸುವ ಸಣ್ಣ ರೈತರು ಸಲಹೆಗಾಗಿ ಮೊದಲು ಬರುವುದು ತಮ್ಮ ವಾರ್ಡಿನ ಸದಸ್ಯರ ಬಳಿಗೆ. "ಯಾವ ಯಂತ್ರ ತರಿಸಲಿ?" ಎಂಬ ಪ್ರಶ್ನೆಗೆ ಉತ್ತರಿಸುವ ಮೊದಲು, ಅಲ್ಲಿ ಬೆಳೆದಿರುವುದೇನು, ಅದರ ಬುಡ ಎಷ್ಟು ದಪ್ಪವಿದೆ ಎಂಬುದನ್ನು ವಿಚಾರಿಸುವುದು ಅವಶ್ಯ. ನಾನು ಕಾರ್ಯನಿರ್ವಹಿಸುವ ಪಂಚಾಯಿತಿಯಲ್ಲಿ ಎರಡು ಎಕರೆಯ ರೈತರೊಬ್ಬರು ಸಾಲ ಮಾಡಿ ಜಾಲಿಯನ್ನು ನೆಲಮಟ್ಟಕ್ಕೆ ಕಡಿಸಿದರು. ಎರಡು ಮಳೆ ಬಿದ್ದೊಡನೆ ಪ್ರತಿ ಬುಡದಿಂದಲೂ ಹಲವು ಚಿಗುರು ಹೊರಟವು. ಸಾಲ ಉಳಿಯಿತು, ಬಿತ್ತನೆ ಆಗಲಿಲ್ಲ.

ಬಳ್ಳಾರಿ ಜಾಲಿ: ಹಿರಿಯೂರು, ಚಿತ್ರದುರ್ಗ ತಾಲ್ಲೂಕುಗಳ ಬೀಳುಗಳಲ್ಲಿಯೂ ಕೆರೆಯಂಗಳಗಳಲ್ಲಿಯೂ ಇದನ್ನು ಕಾಣದವರಿಲ್ಲ. ಕುರಿ, ಮೇಕೆಗಳು ಕಾಯಿ ತಿಂದು ಹಾಕುವ ಹಿಕ್ಕೆಯಿಂದ ಬೀಜ ಹರಡುತ್ತದೆ. ಮರುಚಿಗುರಿನ ಮೊಗ್ಗುಗಳು ನೆಲದೊಳಗಿನ ಬೇರುಬುಡದಲ್ಲಿರುವುದರಿಂದ ಮೇಲೆ ಕಡಿದು ಫಲವಿಲ್ಲ. ಸುಮಾರು 30 ಸೆಂ.ಮೀ. ಆಳದಲ್ಲಿ ಬೇರನ್ನು ಕತ್ತರಿಸಿ ಬುಡ ಸಮೇತ ತೆಗೆಯಬೇಕು. ಗಿಡಗಳು ಕೆಲವೇ ಇದ್ದಲ್ಲಿ ಗುದ್ದಲಿ, ಪಿಕಾಸಿ, ಹಾರೆ ಸಾಕು. ತೋಳಿನ ಗಾತ್ರದ ಬುಡಗಳು ಒತ್ತಾಗಿ ಬೆಳೆದಿದ್ದಲ್ಲಿ ಜೆಸಿಬಿಯನ್ನು ಗಂಟೆಯ ಬಾಡಿಗೆಗೆ ಪಡೆಯಬಹುದು. ಆದರೆ ಬುಡವನ್ನಷ್ಟೇ ಕೀಳುವಂತೆ, ಮೇಲ್ಮಣ್ಣನ್ನು ಕೆರೆಯದಂತೆ, ಬದುಗಳನ್ನು ಒಡೆಯದಂತೆ ಚಾಲಕರಿಗೆ ಮೊದಲೇ ತಿಳಿಸತಕ್ಕದ್ದು. ಮಳೆ ಕಡಿಮೆಯಿರುವ ನಮ್ಮ ಸೀಮೆಯಲ್ಲಿ ಮೇಲ್ಮಣ್ಣೇ ಬಂಡವಾಳ.

ಲಂಟಾನ, ಪೊದೆ, ಎತ್ತರದ ಹುಲ್ಲು: ಹೊಳಲ್ಕೆರೆ, ಹೊಸದುರ್ಗ ಭಾಗದ ಅಡಿಕೆ, ತೆಂಗಿನ ತೋಟಗಳಿಗೆ ಬ್ರಷ್ ಕಟರ್ ಸೂಕ್ತ. ಹುಲ್ಲಿಗೆ ನೈಲಾನ್ ದಾರ, ಹೆಬ್ಬೆರಳು ಗಾತ್ರದೊಳಗಿನ ಕಾಂಡಕ್ಕೆ ಲೋಹದ ಬ್ಲೇಡ್ ಬಳಸಬೇಕು. ಹನಿ ನೀರಾವರಿಯ ಪೈಪುಗಳನ್ನು ಮೊದಲು ಪಕ್ಕಕ್ಕೆ ಸರಿಸಬೇಕು. ಲಂಟಾನವೂ ಬುಡದಿಂದ ಮರುಚಿಗುರುವುದರಿಂದ ಕತ್ತರಿಸಿದ ನಂತರ ಬೇರು ಕೀಳುವುದು ತಪ್ಪದು.

ಪಾರ್ಥೇನಿಯಂ: ಒಂದೊಂದು ಗಿಡವೂ ಸಾವಿರಾರು ಬೀಜ ಉದುರಿಸುವುದರಿಂದ ಹೂ ಬಿಡುವ ಮೊದಲೇ ಕೀಳಬೇಕು. ತುರಿಕೆ, ಅಲರ್ಜಿ ತರುವ ಕಾರಣ ಕೈಗವಸು, ಮುಖಗವಸು ಕಡ್ಡಾಯ.

ರೋಟವೇಟರ್ ಅನ್ನು ಬುಡಗಳು ಪೂರ್ತಿ ಹೊರಬಂದ ನಂತರವೇ ಇಳಿಸಬೇಕು. ಉಳಿದ ಬುಡಗಳು ಅದರ ಬ್ಲೇಡುಗಳನ್ನು ಮುರಿಯುತ್ತವೆ. ಜಾಲಿಮುಳ್ಳು ಟ್ರ್ಯಾಕ್ಟರಿನ ಟೈರನ್ನೂ ತೂರುತ್ತದೆ.

ಖರೀದಿಯೋ ಬಾಡಿಗೆಯೋ: ವರ್ಷಕ್ಕೊಮ್ಮೆ ಬೇಕಾಗುವ ಯಂತ್ರವನ್ನು ಸಣ್ಣ ರೈತರು ಸಾಲ ಮಾಡಿ ಕೊಳ್ಳುವ ಅಗತ್ಯವಿಲ್ಲ. ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಬಾಡಿಗೆಗೆ ದೊರೆಯುವ ಉಪಕರಣಗಳನ್ನು ಮೊದಲು ವಿಚಾರಿಸಬೇಕು. ತೋಟವಿದ್ದು ವರ್ಷಕ್ಕೆ ಹಲವು ಬಾರಿ ಕಳೆ ತೆಗೆಯುವವರು ಬ್ರಷ್ ಕಟರ್ ಕೊಳ್ಳುವ ಮುನ್ನ ಸಹಾಯಧನದ ಬಗ್ಗೆ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಬೇಕು. ಕೊಂಡ ನಂತರ ಬಿಲ್ಲು ಹಿಡಿದು ಹೋದರೆ ಪ್ರಯೋಜನವಾಗದಿರಬಹುದು. ತಾಂತ್ರಿಕ ಸಲಹೆಗೆ ಹಿರಿಯೂರು ತಾಲ್ಲೂಕಿನ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರವಿದೆ.

ಉದ್ಯೋಗ ಖಾತರಿಯಡಿ ಕೈಗೊಂಡ ಕಾಮಗಾರಿಗೆ ಯಂತ್ರ ತರಿಸಿ ಕೂಲಿಯ ಲೆಕ್ಕ ಬರೆಯಲು ಅವಕಾಶವಿಲ್ಲ. 2005ರ ಕಾಯ್ದೆಯ ಅನುಸೂಚಿಯೇ ಗುತ್ತಿಗೆದಾರರನ್ನೂ ಕೂಲಿಗಾರರ ಕೆಲಸ ಕಸಿಯುವ ಯಂತ್ರಗಳನ್ನೂ ನಿಷೇಧಿಸಿತ್ತು. ರೈತರು ಸ್ವಂತ ಖರ್ಚಿನಲ್ಲಿ ಯಂತ್ರ ತರಿಸುವುದು ಬೇರೆ. ಸದಸ್ಯರು ಇವೆರಡನ್ನೂ ಬೆರೆಸಬಾರದು.

ಸುರಕ್ಷತೆ: ಬ್ರಷ್ ಕಟರ್ ನಡೆಸುವವರಿಗೆ ಕನ್ನಡಕ, ಗಟ್ಟಿ ಬೂಟು ಇರಬೇಕು, 15 ಮೀಟರ್ ಒಳಗೆ ಮಕ್ಕಳು, ಜಾನುವಾರು ಇರಬಾರದು. ಬೇವು, ಹೊಂಗೆ, ಹುಣಸೆ, ಬನ್ನಿ ಮರಗಳನ್ನು ಉಳಿಸಿಕೊಳ್ಳಬೇಕು; ಕಡಿಯಲೇಬೇಕಿದ್ದರೆ ಮೊದಲು ಅರಣ್ಯ ಇಲಾಖೆಯನ್ನು ಕೇಳಬೇಕು. ಬೀಜ ಕಟ್ಟದ ಸೊಪ್ಪುಸದೆಯನ್ನು ಸುಡದೆ ಬದುವಿನುದ್ದಕ್ಕೂ ಹಾಸಿದರೆ ತೇವ ಉಳಿಯುತ್ತದೆ.

ತೆರವಾದ ನೆಲವನ್ನು ಖಾಲಿ ಬಿಟ್ಟರೆ ಜಾಲಿ ಮರಳುತ್ತದೆ. ಆದ್ದರಿಂದ ಮೊದಲ ಮಳೆಗೇ ಹುರುಳಿ, ಅಲಸಂದೆಯಂತಹ ನೆಲ ಮುಚ್ಚುವ ಬೆಳೆ ಬಿತ್ತಿ, ಎಳೆಯ ಚಿಗುರುಗಳನ್ನು ಕಂಡಕಂಡಲ್ಲಿ ಕೀಳುವಂತೆ ರೈತರಿಗೆ ತಿಳಿಹೇಳಬೇಕೆಂದು ಸದಸ್ಯರಲ್ಲಿ ಕೋರಲಾಗಿದೆ.